ಕಡುಬು ಬೇಯುವಷ್ಟು ಹೊತ್ತು

ಅರಿಶಿನ ಎಲೆಯ ಕಡುಬಿನ ಪರಿಮಳ ಮೊನ್ನೆ ಮತ್ತೆ ಮೂಗಿಗೆ ಬಡಿದದ್ದು ಯಲ್ಲಾಪುರದಲ್ಲಿ, ಪಕ್ಕದ ಮನೆ ಅತ್ತೆಯ ವೈಕುಂಠ ಸಮಾರಾಧನೆಯ ಊಟದಲ್ಲಿ. ಅವಳ ನೆನಪಿಗೆಂದೇ ಅದನ್ನು ಮಾಡಿಸಿದ್ದರು. ಪಂಕ್ತಿಯಲ್ಲಿ ಕೂತ ಅವಳ ನೆಂಟರೆಲ್ಲರದೂ ಒಂದೇ ಮಾತು: "ನಮ್ಮ ಅತ್ತಿಗೆಗೆ ಹೊಸ ಹೊಸ ತಿಂಡಿ ಅಂದ್ರೆ ಹುಚ್ಚು." ನಾನು ಒಪ್ಪುವುದಿಲ್ಲ. ಪಂಕ್ತಿಯೆಲ್ಲ ಹೇಳಿತು ಎಂದ ಮಾತ್ರಕ್ಕೆ ಅದು ಸಾಕ್ಷಿಯಾಗುವುದಿಲ್ಲ. ಶಾಲೆಯ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತದ್ದೇ ಅಷ್ಟು.

ತೊಂಬತ್ತರ ದಶಕದಲ್ಲಿ ನಮಗೂ ಅವರಿಗೂ ನಡುವೆ ಒಂದೇ ಗೋಡೆ. ಅವರ ಮನೆಯಲ್ಲಿ ಬೆಳಿಗ್ಗೆ ತೆಳ್ಳೇವು ಆಗಬೇಕು. ಈ ತೆಳು ದೋಸೆಯನ್ನು ಮಾಡಿ ಒಟ್ಟಿಡುವಂತಿಲ್ಲ, ಕಾವಲಿಯಿಂದ ಎದ್ದದ್ದು ನೇರ ಬಟ್ಟಲಿಗೆ ಬೀಳಬೇಕು. ಕೊನೆಯವರು ಕೈ ತೊಳೆಯುವ ತನಕ ಮಾಡುವವಳು ಒಲೆ ಬಿಟ್ಟು ಕದಲುವಂತಿಲ್ಲ. ಕಡುಬಿಗೆ, ಇಡ್ಲಿಗೆ ಆ ಕಾಟವಿಲ್ಲ. ಮುಚ್ಚಳ ಹಾಕಿದರೆ ಮುಗಿಯಿತು, ಉಳಿದದ್ದು ಹಬೆಯ ಕೆಲಸ. ಆ ಹೊತ್ತಿನಲ್ಲಿ ಅತ್ತೆ ಒಲೆ ಪಕ್ಕ ಮಣೆ ಎಳೆದುಕೊಂಡು ಕಾದಂಬರಿ ಓದುತ್ತಿದ್ದಳು. ಬೇರೆ ಹೊತ್ತಿನಲ್ಲಿ ಪುಸ್ತಕ ಹಿಡಿದರೆ "ಕೆಲಸ ಇಲ್ಯ?" ಎನ್ನುವ ಮನೆ ಅದು. ಅಡುಗೆಮನೆಯಲ್ಲಿದ್ದವಳನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ. ಭಾಷಣಕ್ಕೆ ವಿಷಯ ಹುಡುಕಲು ಲೈಬ್ರರಿಗೆ ಹೋಗುತ್ತಿದ್ದ ನಾನೇ ಅವಳಿಗೂ ಪುಸ್ತಕ ತರುತ್ತಿದ್ದೆ.

ದಿನಾ ಇಡ್ಲಿಯಾದರೆ ಮನೆಯವರು ಮತ್ತೆ ತೆಳ್ಳೇವು ಕೇಳುತ್ತಾರಲ್ಲ? ಅದಕ್ಕೇ ಅವಳ ಪ್ರಯೋಗಗಳು. ಹಲಸಿನ ಹಣ್ಣು, ಸೌತೆಕಾಯಿ, ಬೂದುಗುಂಬಳ... ಹಬೆಗೆ ಹಾಕದೆ ಬಿಟ್ಟದ್ದೇ ಇಲ್ಲ. ಒಮ್ಮೆ ಬೀಟ್‌ರೂಟ್ ಇಡ್ಲಿ ನೋಡಿ ಅವಳ ಗಂಡ, ನಮ್ಮ ಮಾವ, ಕೂಗಿದ್ದರು:

"ಇದೆಂತದೇ ಮಾರಾಯ್ತಿ, ತಿಂಬದಾ, ಹಣೆಗೆ ಹಚ್ಚದಾ?"

"ಹಚ್ಚಿ ಉಳ್ದದ್ದನ್ನ ತಿನ್ನಿ," ಎಂದಳು ಅತ್ತೆ, ಪುಸ್ತಕದಿಂದ ಕಣ್ಣೆತ್ತದೆ.

ಈಗ ಹೇಳಿ, ಅದು ತಿಂಡಿಯ ಹುಚ್ಚೇ?

ಅವಳ ಗ್ರಹಚಾರಕ್ಕೆ ಎಲ್ಲವೂ ರುಚಿಯಾಗುತ್ತಿತ್ತು. ಮಾವ ಹೆಮ್ಮೆಯಿಂದ ಆಫೀಸಿನವರನ್ನು ತಿಂಡಿಗೆ ಕರೆತರತೊಡಗಿದರು. ಆಮೇಲೆ ಸಿದ್ದಾಪುರದ ನೆಂಟರ ಉಪನಯನ, ಶಿರಸಿಯವರ ಮದುವೆ... ಎಲ್ಲ ಕಡೆ ಬೆಳಗಿನ ತಿಂಡಿ ಅತ್ತೆಯ ಪಾಲಿಗೇ. ಮಾವ ಕೆಟ್ಟವರಾಗಿದ್ದರೆ ಎದುರು ನಿಂತು ವಾದಿಸಬಹುದಿತ್ತು. ಹೊಗಳುವವರ ಎದುರು ಏನು ವಾದ? ಒಂದು ಸಲದ್ದು ಬೇಯುವಷ್ಟರಲ್ಲಿ ಇನ್ನೊಂದು ಸಲಕ್ಕೆ ಹಿಟ್ಟು ಹಚ್ಚಿ ಎಲೆ ಮಡಚಬೇಕು. ಮಣೆಯ ಮೇಲೆ ಕೂರಲು ಪುರಸೊತ್ತೆಲ್ಲಿ?

"ಉಪ್ಪು ಜಾಸ್ತಿ ಹಾಕು ಅತ್ತೆ," ಎಂದೆ ನಾನು. "ಒಂದೆರಡು ಸಲ ಕೆಟ್ರೆ ಎಲ್ಲ ತನ್ನಷ್ಟಕ್ಕೇ ನಿಲ್ತು."

ಅತ್ತೆ ನಕ್ಕಳು. "ಕೆಡ್ಸಲೆ ಯಂಗೆ ಬತ್ತಿಲ್ಲೆ ಕೂಸೆ."

ಅರ್ಧ ಓದಿದ ಕಾದಂಬರಿಯನ್ನು ಅವತ್ತೇ ನನ್ನ ಕೈಗಿಟ್ಟಳು. "ತಗಂಡು ಹೋಗು. ಇನ್ನು ತರದು ಬ್ಯಾಡ."

ವರ್ಷಗಳ ಮೇಲೆ, ಕಾಲೇಜು ಮುಗಿಸಿ ಬಂದವಳು ಹಟಕ್ಕೆ ಬಿದ್ದು ಒಂದು ಹೊಸ ಪುಸ್ತಕ ಒಯ್ದಿದ್ದೆ. ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ತೆರೆದಳು. ಎರಡು ಪುಟ ದಾಟಲಿಲ್ಲ. "ಕಣ್ಣು ಓಡ್ತು ಕೂಸೆ, ತಲೆಗೆ ಹೋಗ್ತಿಲ್ಲೆ," ಎಂದು ಮುಚ್ಚಿ, ಹಿಟ್ಟು ನೋಡಲು ಎದ್ದುಹೋದಳು.

ಮೊನ್ನೆಯ ಪಂಕ್ತಿಯಲ್ಲಿ ಮಾವ ತಾವೇ ಬಡಿಸುತ್ತ ಬಂದರು. ಹದಿಮೂರೇ ದಿನದಲ್ಲಿ ಇಳಿದುಹೋಗಿದ್ದಾರೆ. "ಇನ್ನೊಂದು ಹಾಕ್ಸ್ಕ ಕೂಸೆ. ನಿನ್ನ ಅತ್ತೆ ಎಂತೆಂತ ತಿಂಡಿ ಮಾಡ್ತಿತ್ತು ಕೇಳು, ಎಲ್ಲ ಯಂಗೆ ಬಾಯಿಪಾಠ," ಎಂದು ಕಣ್ಣೊರೆಸಿಕೊಂಡರು.

ನಾನು ಕೇಳಿದೆ:

"ಎಂತೆಂತ ಓದ್ತಿತ್ತು ಮಾವ?"