ಬೆರಳ ತುದಿಯ ನುಸಿ

ಕೆಂಪಮ್ಮ ನನ್ನ ಬಾಗಿಲು ಬಡಿಯುತ್ತಿದ್ದದ್ದು ಎಡಗೈಯಲ್ಲಿ. ಬಲಗೈ ತೋರುಬೆರಳ ತುದಿಯಲ್ಲಿ ಒಂದು ಸತ್ತ ನುಸಿ ಇರುತ್ತಿತ್ತು. ಬಾಗಿಲು ತೆಗೆದ ತಕ್ಷಣ ಆ ಬೆರಳನ್ನು ನನ್ನ ಮೂಗಿನ ಹತ್ತಿರ ಹಿಡಿದು, "ನೋಡು, ನಿನ್ ಮಗ ನಮ್ ಕಾಫಿ ಲೋಟಕ್ಕೆ ಬಿದ್ದವ್ನೆ" ಎನ್ನುತ್ತಿದ್ದಳು. ನಾನಿನ್ನೂ ಮುಖ ತೊಳೆದಿರುತ್ತಿರಲಿಲ್ಲ. ಎದುರಿಗೆ ಅವಳನ್ನು 'ನೀವು' ಅನ್ನುತ್ತಿದ್ದೆ, ಮನಸ್ಸಿನಲ್ಲಿ ಎಂದೂ ಬಹುವಚನ ಕೊಟ್ಟಿಲ್ಲ. ಇಲ್ಲೂ ಕೊಡುವುದಿಲ್ಲ.

ಮಧುಗಿರಿಯಲ್ಲಿ ಅವಳ ಮನೆಯ ಮಹಡಿಯಲ್ಲಿ ನಾನು ಬಾಡಿಗೆಗಿದ್ದೇನೆ. ಕೆಳಗೆ ಅವಳು, ಮಗ, ಸೊಸೆ. ಮಿಡಿಗೇಶಿ ಕಡೆಯ ಹೊಲದಲ್ಲಿ ಅರ್ಧ ಆಯಸ್ಸು ಕಳೆ ಕಿತ್ತ ಕೆಂಪಮ್ಮನಿಗೆ ಮಣ್ಣು ಕಂಡರಾಗದು. ಪೇಟೆಗೆ ಬಂದವಳೇ ಅಂಗಳಕ್ಕೆಲ್ಲ ಸಿಮೆಂಟು ಹಾಕಿಸಿದ್ದಳು. ತುಳಸಿಗೂ ಜಾಗ ಬಿಟ್ಟಿರಲಿಲ್ಲ. "ಮಣ್ಣಲ್ಲಿ ಒದ್ದಾಡಿದ್ದು ಸಾಕು ಕಣಮ್ಮ, ಇಲ್ಲಿಗೂ ಯಾಕೆ ಹೊತ್ಕಂಡ್ ಬಂದೆ?" ಎಂದು ಮೊದಲ ದಿನವೇ ಕೇಳಿದ್ದಳು. ನಾನು ಹೊತ್ತು ತಂದದ್ದು ಒಂದೇ ಪಾಟು. ಅದರಲ್ಲಿ ಅಮ್ಮನ ಹಿತ್ತಲಿನ ವೀಳ್ಯದೆಲೆ ಬಳ್ಳಿ. ಆ ಹಿತ್ತಲು ರಸ್ತೆ ಅಗಲ ಮಾಡುವಾಗ ಹೋಯಿತು, ಉಳಿದದ್ದು ಇದೊಂದೇ. ನನ್ನ ಕೋಣೆಯಲ್ಲಿ ಬೆಳಕಿಲ್ಲವೆಂದು ಮೆಟ್ಟಿಲ ತಿರುವಿನ ಕಿಟಕಿಯ ಬಳಿ ಇಟ್ಟಿದ್ದೆ.

ನುಸಿ ಇದ್ದದ್ದು ನಿಜ. ಪಾಟು ಅಲ್ಲಾಡಿಸಿದರೆ ಕರಿ ನುಸಿಗಳು ಗುಂಪಾಗಿ ಏಳುತ್ತಿದ್ದವು. ತೇವದ ಮಣ್ಣಲ್ಲಿ ಅವು ಮೊಟ್ಟೆ ಇಡುತ್ತವೆ, ಮರಿಗಳು ಬೇರು ಮೇಯುತ್ತವೆ. ಎಲೆ ಹಳದಿಯಾಗಿ ಉದುರತೊಡಗಿತ್ತು. ನೀರು ಹಾಕುವುದನ್ನು ನಿಲ್ಲಿಸಿದೆ, ಮೇಲೆ ಮರಳು ಹಾಸಿದೆ, ಹಳದಿ ರಟ್ಟಿಗೆ ಹರಳೆಣ್ಣೆ ಸವರಿ ನೆಟ್ಟೆ. ಆಲೂಗಡ್ಡೆ ಹೋಳಿಗೆ ಮರಿಗಳು ಹತ್ತುತ್ತವೆ ಎಂದು ಯಾರೋ ಹೇಳಿದರು, ಅದನ್ನೂ ಇಟ್ಟೆ. ಕೆಂಪಮ್ಮ ನೋಡಿ, "ಇದೇನೇ, ಹುಳಕ್ಕೆ ನೈವೇದ್ಯನಾ? ಒಗ್ಗರಣೆನೂ ಹಾಕ್ಬುಡು" ಅಂದಳು. ಇನ್ನೊಂದು ದಿನ ಇರುವೆ ಪುಡಿಯ ಡಬ್ಬ ಹಿಡಿದು ಬಂದಳು. ತಿನ್ನುವ ಎಲೆ ಎಂದು ನಾನು ಪಾಟಿಗೆ ಅಡ್ಡ ನಿಂತೆ. ಆಗ ತೀರ್ಪು ಹೊರಬಿತ್ತು: "ಯುಗಾದಿಯೊಳ್ಗೆ ಪಾಟ್ ಖಾಲಿ ಆಗ್ಬೇಕು, ಇಲ್ಲಾ ಮನೆ ಖಾಲಿ ಆಗ್ಬೇಕು."

ನನಗೆ ಅರ್ಥವಾಗದ್ದು ಒಂದೇ. ನೀರು ಹಾಕದಿದ್ದರೂ ಮಣ್ಣು ಒಣಗುತ್ತಿರಲಿಲ್ಲ, ಜೊತೆಗೆ ಹುಳಿ ವಾಸನೆ ಬೇರೆ.

ಒಂದು ಶುಕ್ರವಾರ ಜ್ವರವೆಂದು ಕೆಲಸದಿಂದ ಬೇಗ ಬಂದೆ. ಮೆಟ್ಟಿಲ ತಿರುವಿನಲ್ಲಿ ಕೆಂಪಮ್ಮ, ಒದ್ದೆ ತಲೆಗೆ ಬಟ್ಟೆ ಸುತ್ತಿಕೊಂಡು, ಚೊಂಬು ಬಗ್ಗಿಸಿ ನನ್ನ ಬಳ್ಳಿಯ ಬುಡಕ್ಕೆ ಹಾಲು, ಮೊಸರು, ಬಾಳೆಹಣ್ಣಿನ ಚೂರು ಎಲ್ಲ ಸುರಿಯುತ್ತಿದ್ದಳು. ಗೊರವನಹಳ್ಳಿ ಗುಡಿಗೆ ಹೋಗಿಬಂದಾಗಿನಿಂದ ಮನೆಯ ಪುಟ್ಟ ಬೆಳ್ಳಿ ಲಕ್ಷ್ಮಿಗೆ ವಾರವಾರವೂ ಅವಳದು ಅಭಿಷೇಕ.

"ಕೆಂಪಮ್ನೋರೇ!"

"ಏನ್ ಕೂಗ್ತೀಯ? ದೇವ್ರಿಗೆ ಹಾಕಿದ್ನ ತುಳಿಯೋ ಜಾಗಕ್ಕೆ ಉಯ್ಯಕಾಯ್ತದಾ? ಮೋರಿಗೆ ಬುಡ್ಲಾ? ನಮ್ಮನೇಲಿ ಮಣ್ಣೆಲ್ಲೈತೆ?"

"ಇಲ್ಲದಂಗೆ ಮಾಡಿದ್ದು ಯಾರು? ನುಸಿ ಬರ್ತಿರೋದೇ ನಿಮ್ ಹಾಲಿಗೆ!"

"ನಮ್ ಲಕ್ಷ್ಮಿ ಹಾಲ್ಗೆ ನುಸಿ ಬರಲ್ಲ. ನಿನ್ ಮಣ್ಣೇ ಸರಿ ಇಲ್ಲ."

ಕೇರಿಗೆಲ್ಲ ಕೇಳುವಂತೆ ಜಗಳವಾಡಿದೆವು. ನನ್ನ ಜ್ವರ ಬಿಟ್ಟುಹೋಯಿತು.

ತಪ್ಪಾಯಿತು ಎಂದು ಅವಳು ಹೇಳಲಿಲ್ಲ. ಮುಂದಿನ ಶುಕ್ರವಾರದಿಂದ ಮಂಡಿನೋವಿನಲ್ಲೇ ಚೊಂಬು ಹಿಡಿದು ಬೀದಿ ಕೊನೆಯ ಅರಳಿಮರದ ತನಕ ಹೋಗಿಬರತೊಡಗಿದಳು. ನಾನು ಕಣ್ಣಿಗೆ ಬಿದ್ದರೆ ಬೇಕೆಂದೇ ಇನ್ನಷ್ಟು ಕುಂಟುತ್ತಿದ್ದಳು. ನಾನೂ ಕರಗಲಿಲ್ಲ. ಮಣ್ಣು ಒಣಗಿತು, ನುಸಿ ಕಾಣೆಯಾಯಿತು, ಬಳ್ಳಿ ಚಿಗುರಿತು. ಯುಗಾದಿ ಕಳೆದರೂ ಮನೆ ಖಾಲಿ ಮಾಡುವ ಮಾತು ಮತ್ತೆ ಏಳಲಿಲ್ಲ. ಒಳ್ಳೊಳ್ಳೆಯ ಎಲೆಗಳು ಮಾತ್ರ ಹೇಳದೆ ಕೇಳದೆ ಅವಳ ಪೂಜೆಗೆ ಹೋಗುತ್ತಿದ್ದವು.

ಎದೆನೋವೆಂದು ಅವಳನ್ನು ತುಮಕೂರಿಗೆ ಕರೆದೊಯ್ದ ದಿನ ನಾನು ಆಂಬುಲೆನ್ಸ್ ಬಳಿ ನಿಂತಿದ್ದೆ. ಮಲಗಿದ್ದಲ್ಲಿಂದಲೇ ನನ್ನತ್ತ ಬೆರಳೆತ್ತಿದಳು. "ನಾ ಬರೋ ಹೊತ್ಗೆ ಒಂದ್ ನುಸಿ ಇದ್ರೂ ಸುಮ್ಕಿರಲ್ಲ." ಅವಳು ತಿರುಗಿ ಬರಲಿಲ್ಲ.

ಸೂತಕ ಕಳೆದ ಮೇಲೆ ಸೊಸೆ ಶುಕ್ರವಾರದ ಪೂಜೆ ಹಿಡಿದಳು. ಮೊನ್ನೆ ಪಾಟು ತಿರುಗಿಸಿದರೆ ಅದೇ ಹುಳಿ ವಾಸನೆ, ಅದೇ ಕರಿ ನುಸಿಗಳು. ಮೈಯೆಲ್ಲ ಉರಿದುಹೋಯಿತು. ಸುಳ್ಳೇಕೆ ಹೇಳಲಿ, ಖುಷಿಯೂ ಆಯಿತು. ಒಂದನ್ನು ಹೊಸಕಿ ಬೆರಳ ತುದಿಯಲ್ಲಿಟ್ಟುಕೊಂಡು ದಡದಡ ಇಳಿದೆ. ಎಡಗೈಯಲ್ಲಿ ಬಾಗಿಲು ಬಡಿದೆ. ಬೈಗುಳ ನಾಲಿಗೆ ತುದಿಯಲ್ಲೇ ಇತ್ತು.

ಸೊಸೆ ಬಾಗಿಲು ತೆಗೆದು ನನ್ನ ಬೆರಳು ನೋಡಿದಳು. "ಅಯ್ಯೋ, ಸಾರಿ ಅಕ್ಕ. ನಂದೇ ತಪ್ಪು. ಇನ್ಮೇಲೆ ಉಯ್ಯಲ್ಲ" ಅಂದಳು.

ಜಗಳ ಅಲ್ಲಿಗೇ ಮುಗಿಯಿತು. ಬೆರಳನ್ನು ಸೆರಗಿಗೆ ಒರೆಸಿಕೊಂಡು ಮೆಟ್ಟಿಲ ತಿರುವಿನಲ್ಲಿ ಬಂದು ಕೂತೆ. ಕೆಂಪಮ್ಮನ ಮೇಲೆ ಎಂದೂ ಬರದಷ್ಟು ಸಿಟ್ಟು ಬಂತು. ಒಂದು ನುಸಿ ಇದ್ದರೂ ಸುಮ್ಮನಿರುವುದಿಲ್ಲ ಎಂದು ಹೇಳಿ ಹೋದವಳು. ಪಾಟಿನ ತುಂಬ ನುಸಿ. ಸುಮ್ಮನಿದ್ದಾಳೆ.