ಅಳು ನಿಂತ ಮೇಲೆ ತೆಗೆಯುವ ಬಾಗಿಲು

ಆ ಭಾನುವಾರ ನಾನು ಎಲ್ಲಿ ನಿಂತಿದ್ದೆ ಎಂಬುದನ್ನು ಮೊದಲು ಬರೆದುಬಿಡುತ್ತೇನೆ. ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಿ, ನಾನು ಬಾಡಿಗೆಗಿರುವ ಮನೆಯ ಒಳ ಅಂಗಳದಲ್ಲಿ, ನೀರಿನ ತೊಟ್ಟಿಯ ಪಕ್ಕ. ಕೈಯಲ್ಲಿ ಆಗಷ್ಟೇ ಹಿಂಡಿದ ಅಂಗಿ ಇತ್ತು. ಹತ್ತೂಕಾಲು ಆಗಿರಬೇಕು; ಗೋಡೆಯ ನೆರಳು ತೊಟ್ಟಿಯ ಅಂಚನ್ನು ಬಿಟ್ಟು ಹಿಂದೆ ಸರಿದಿತ್ತು. ಅಲ್ಲಿಂದ ಮಗ್ಗದ ಕೋಣೆಯ ಬಾಗಿಲಿಗೆ ಒಂಬತ್ತು ಹೆಜ್ಜೆ. ಆಮೇಲೆ ಎಷ್ಟೋ ಸಲ ಅಳೆದಿದ್ದೇನೆ, ಒಂಬತ್ತೇ. ಬಾಗಿಲು ತೆರೆದಿತ್ತು. ಒಳಗೆ ಮನೆಯ ಯಜಮಾನರ ಬರಿ ಬೆನ್ನು ಕಾಣುತ್ತಿತ್ತು. ತೆಳ್ಳಗಿನ ಕಪ್ಪು ಬೆನ್ನು, ಮೂಳೆಯ ಗಂಟುಗಳನ್ನು ಒಂದೊಂದಾಗಿ ಎಣಿಸಬಹುದು, ಎಡ ಭುಜದ ಕೆಳಗೆ ಹುಣಸೆ ಬೀಜದಷ್ಟು ಮಚ್ಚೆ. ಬೆನ್ನು ಮುಂದಕ್ಕೆ ಬಾಗಿತ್ತು. ನಾನು ಅದನ್ನು ನೋಡಿದೆ. ನೋಡಿ, ಅಂಗಿಯನ್ನು ಕೊಡವಿ ತಂತಿಯ ಮೇಲೆ ಹರವಿದೆ.

ಅವರನ್ನು ಬೀದಿಯವರೆಲ್ಲ ಮಾವ ಎನ್ನುತ್ತಿದ್ದರು. ಅವರ ಹೆಂಡತಿ ಎಲ್ಲರಿಗೂ ಅತ್ತೆ. ಚಳ್ಳಕೆರೆಯವನಾದ ನಾನು ಇಲ್ಲಿನ ಹೈಸ್ಕೂಲಿಗೆ ವರ್ಗವಾಗಿ ಬಂದು ಅವರ ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದಾಗ, ಮೊದಲ ವಾರದಲ್ಲೇ ನನಗೂ ಅವರು ಮಾವ, ಅತ್ತೆ ಆದರು. ಮನೆಯೊಳಗೆ ಅವರದು ತೆಲುಗು, ನನ್ನ ಜೊತೆ ಕನ್ನಡ, ಮಗ್ಗದ ಜೊತೆ ಎರಡೂ. ಅವರದು ಗುಂಡಿ ಮಗ್ಗ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು, ನೆಲದ ಮಟ್ಟದಲ್ಲೇ ಕೂತು ರೇಷ್ಮೆ ಸೀರೆ ನೇಯುತ್ತಿದ್ದರು. ಎಳೆಯೊಂದು ಕಿತ್ತರೆ ಮಗ್ಗ ನಿಲ್ಲಿಸಿ, ಹಣೆ ಸೀರೆಗೆ ತಾಗುವಷ್ಟು ಬಗ್ಗಿ, ಉಸಿರು ಬಿಗಿಹಿಡಿದು ಗಂಟು ಹಾಕುತ್ತಿದ್ದರು. ಕನ್ನಡಕ ಹಾಕಿಕೊಳ್ಳಿ ಮಾವ ಎಂದರೆ, "ಕನ್ನಡಕಕ್ಕೆ ಎಳೆ ಕಾಣ್ತೈತೆ ಮೇಷ್ಟ್ರೇ, ಎಳೆಗೆ ನಾನು ಕಾಣಬೇಕಲ್ಲ" ಎಂದು ನಗುತ್ತಿದ್ದರು. ಅದರ ಅರ್ಥ ನನಗೆ ಆಗಲೂ ಆಗಿರಲಿಲ್ಲ, ಈಗಲೂ ಆಗಿಲ್ಲ.

ನಾಯಿಮರಿಯನ್ನು ತಂದದ್ದು ನಾನು. ಚಳ್ಳಕೆರೆಯಲ್ಲಿ ಅಕ್ಕನ ಮನೆಯ ನಾಯಿ ಐದು ಮರಿ ಹಾಕಿತ್ತು. ಒಬ್ಬನೇ ಇರುವವನಿಗೆ ಜೊತೆಯಾಗುತ್ತದೆ ಎಂದುಕೊಂಡೆ. "ಇನ್ನೊಂದೆರಡು ವಾರ ತಾಯಿ ಹತ್ರ ಇರ್ಲಿ ಕಣೋ, ಕಣ್ಣು ಬಿಟ್ಟು ಎಷ್ಟು ದಿನ ಆತು ಅದು" ಎಂದು ಅಕ್ಕ ಹೇಳಿದಳು. ನನಗೆ ರಜೆ ಇದ್ದದ್ದು ಅವತ್ತು ಮಾತ್ರ. ಮಾರ್ಕೆಟ್ಟಿನಲ್ಲಿ ಎರಡು ಹಳೆಯ ಟೊಮೊಟೊ ಕ್ರೇಟು ತೆಗೆದುಕೊಂಡು, ಒಂದರ ಮೇಲೊಂದು ಬೋರಲು ಹಾಕಿ, ತಂತಿ ಬಿಗಿದು ಗೂಡು ಮಾಡಿದೆ. ಬಸ್ಸಿನಲ್ಲಿ ಕಂಡಕ್ಟರು ಬಗ್ಗಿ ನೋಡಿ, "ಟೊಮೊಟೊ ಅಂದ್ರೆ ಲಗೇಜು, ಬೊಗಳೋ ಟೊಮೊಟೊ ಅಂದ್ರೆ ಅರ್ಧ ಟಿಕೆಟು" ಎಂದ. ಬಸ್ಸೆಲ್ಲ ನಕ್ಕಿತು. ಮರಿ ಮಾತ್ರ ದಾರಿಯುದ್ದಕ್ಕೂ ಅಳುತ್ತಿತ್ತು.

ಬಂದ ಮೇಲೂ ಅತ್ತಿತು. ಗೂಡಿನಲ್ಲಿಟ್ಟು ಬಾಗಿಲು ಹಾಕಿದರೆ ಬೀದಿಯ ಕೊನೆಯವರೆಗೆ ಕೇಳುವ ಅಳು. ತೆಗೆದರೆ ಸುಮ್ಮನಾಗಿ ನನ್ನ ಅಂಗೈ ನೆಕ್ಕುತ್ತಿತ್ತು. ಮತ್ತೆ ಹಾಕಿದರೆ ಮತ್ತೆ ಅಳು. ಮೊಬೈಲಿನಲ್ಲಿ ವಿಡಿಯೋ ನೋಡಿದೆ. ಅದರಲ್ಲಿದ್ದ ಮರಿಗೆ ನನ್ನ ಕೋಣೆಗಿಂತ ದೊಡ್ಡ ಹಾಸಿಗೆಯಿತ್ತು. ಅಕ್ಕನಿಗೆ ಫೋನು ಮಾಡಿದೆ. "ತಾಯೀನೂ ಇಲ್ಲಿ ಹುಡುಕಾಡ್ತೈತೆ" ಎಂದಳು. ಕೇಳಬಾರದಿತ್ತು. ಎರಡನೆಯ ದಿನ ಬೆಳಿಗ್ಗೆ ಅದನ್ನು ಗೂಡಿಗೆ ಹಾಕದೆ ಕೋಣೆಯಲ್ಲೇ ಬಿಟ್ಟು, ಬಾಗಿಲು ಎಳೆದುಕೊಂಡು ಶಾಲೆಗೆ ಹೋದೆ.

ಸಂಜೆ ಬಂದಾಗ ಮಾವ ಮಗ್ಗದ ಮೇಲೆ ಬಗ್ಗಿಕೊಂಡಿದ್ದರು. ತಲೆ ಎತ್ತಲಿಲ್ಲ.

"ಮೇಷ್ಟ್ರೇ, ನಿಮ್ಮ ಸ್ಟೂಡೆಂಟು ಬಂದಿದ್ದ" ಎಂದರು.

ಮರಿ ಬಾಗಿಲ ಸಂದಿಯಿಂದ ನುಸುಳಿ ಮಗ್ಗದ ಕೋಣೆಗೆ ಹೋಗಿ, ಮಗ್ಗಕ್ಕೆ ಬಿಗಿದಿದ್ದ ರೇಷ್ಮೆ ಎಳೆಗಳಿಗೆ ಹಲ್ಲು ಹಾಕಿತ್ತು. ಬೆಳಿಗ್ಗೆಯಿಂದ ಅವರು ಒಂದು ಗೇಣೂ ನೇಯ್ದಿರಲಿಲ್ಲ. ಕಿತ್ತ ಎಳೆಗಳನ್ನು ಒಂದೊಂದಾಗಿ ಹುಡುಕಿ ಗಂಟು ಹಾಕುತ್ತ ಕೂತಿದ್ದರು. ನಾನು ತಪ್ಪಾಯಿತು ಎಂದೆ. ಮತ್ತೂ ಎರಡು ಸಲ ಎಂದೆ. ಅವರು ಕೊನೆಯ ಗಂಟು ಹಾಕಿ, ಎಳೆಯನ್ನು ತುಟಿಗೆ ತಾಗಿಸಿ ನೋಡಿ, ಆಮೇಲೆ ತಿರುಗಿದರು.

"ನೋಡ್ರಿ, ರೇಷ್ಮೆ, ನಾಯಿಹಲ್ಲು ಎರಡೂ ಒಂದೇ ಮನ್ಯಾಗೆ ಆಗಲ್ಲ. ಈ ಸೀರೆ ಇಳಿಯೋವರೆಗೆ ಟೈಮು ಕೊಡ್ತೀನಿ. ಅಷ್ಟ್ರಾಗೆ ಗೂಡಿನಾಗೆ ಮಲಗಾದು ಕಲೀಬೇಕು. ಇಲ್ಲಾಂದ್ರೆ ಬಂದ ಬಸ್ಸಿಗೇ ವಾಪಸ್."

ಕಲಿಸಲು ನನಗೆ ಬರುವುದಿಲ್ಲ ಎಂದು ಒಪ್ಪಿಕೊಂಡೆ. ಅವರು ಅತ್ತೆಯ ಕಡೆ ತಿರುಗಿ, "ನಲವತ್ತು ಹುಡುಗ್ರನ್ನ ಕೂರಿಸ್ತಾರಂತೆ, ಇದೊಂದು ಅಂಗೈ ಅಗಲದ್ದನ್ನ ಕೂರಿಸಾಕಾಗಲ್ಲವಂತೆ" ಎಂದರು. ಮರುದಿನ ನಾನು ಶಾಲೆಯಿಂದ ಬರುವಷ್ಟರಲ್ಲಿ ಗೂಡು ಮಗ್ಗದ ಪಕ್ಕದಲ್ಲಿತ್ತು. ನಾನು ಕಟ್ಟಿದ್ದ ಕಬ್ಬಿಣದ ಜಾಲರಿಯ ಬದಲು ಸಣ್ಣ ಬಿದಿರಿನ ಕಡ್ಡಿಗಳ ಬಾಗಿಲು; ಸಂದಿಯಿಂದ ಮರಿಗೆ ಅವರ ಮೊಣಕೈ ಕಾಣುವಂತೆ. ಒಳಗೆ ಅವರ ಬೆವರಿನ ಹಳೆಯ ಟವಲು.

ಅವರ ಕ್ರಮವನ್ನು ನಾನು ಕಂಡಂತೆ ಬರೆಯುತ್ತೇನೆ. ಮೊದಲ ದಿನ ಬಾಗಿಲನ್ನೇ ಹಾಕಲಿಲ್ಲ. ಹಾಲನ್ನ ಗೂಡಿನೊಳಗೇ, ನೀರು ಗೂಡಿನೊಳಗೇ. ತಿಂದು ತಾನಾಗಿಯೇ ಅಲ್ಲಿ ಮಲಗಿತು. ಎರಡನೆಯ ದಿನ ಬಾಗಿಲು ಹಾಕಿ, ಲಾಳಿ ಹತ್ತು ಸಲ ಅತ್ತಿತ್ತ ಓಡುವವರೆಗೆ ಮಾತ್ರ ಬಿಟ್ಟು, ತೆಗೆದರು. ಆಮೇಲೆ ಇಪ್ಪತ್ತು. ಆಮೇಲೆ ಅರ್ಧ ಸಾಲು ಬುಟ್ಟಾ. ಸೀರೆಯ ಅಡ್ಡಕ್ಕೆ ಒಂದು ಸಾಲು ಬುಟ್ಟಾ ಹೂಗಳು ಮೂಡಲು ಸುಮಾರು ಕಾಲು ಗಂಟೆ ಬೇಕಿತ್ತು. ಗಡಿಯಾರವನ್ನು ಅವರು ನೋಡುತ್ತಿರಲಿಲ್ಲ. ಒಂದು ಸಾಲು ಮುಗಿದರೆ ಅಂಗಳಕ್ಕೆ ಕೇಳುವಂತೆ "ಒಂದು ಆತು" ಎನ್ನುವರು. ಮರಿ ಕುಂಯ್‌ಗುಟ್ಟಿದರೆ ನೇಯುತ್ತಲೇ, "ಪಡುಕೋ ನಾನ್ನಾ, ಪಡುಕೋ" ಎಂದು ಮಗುವಿಗೆ ಹೇಳುವಂತೆ ಮಲಗಲು ಹೇಳುವರು. ಕಾಲು ಹಲಗೆ ತುಳಿಯುವುದು, ಕೈ ಹಗ್ಗ ಜಗ್ಗುವುದು, ಒಂದೂ ನಿಲ್ಲುತ್ತಿರಲಿಲ್ಲ. ಮಗ್ಗದ ಆ ಒಂದೇ ಸಮನೆಯ ಸದ್ದಿಗೆ ಮರಿಯ ಹೊಟ್ಟೆ ಏರಿ ಇಳಿಯುತ್ತ ನಿದ್ದೆ ಹತ್ತುವುದನ್ನು ನಾನು ಬಾಗಿಲಲ್ಲಿ ನಿಂತು ನೋಡಿದ್ದೇನೆ.

ಅವರ ನಿಯಮ ಒಂದೇ. ಅಳುವಾಗ ಬಾಗಿಲು ತೆಗೆಯಬಾರದು. ಅಳು ನಿಂತ ಮೇಲೆ ತೆಗೆಯಬೇಕು.

ಒಮ್ಮೆ ನಾನು ತಡೆಯಲಾರದೆ ಹೋಗಿ ತೆಗೆದೆ. ಮಾವ ಲಾಳಿಯನ್ನು ಕೆಳಗಿಟ್ಟರು. ಎಳೆ ಕೀಳದಿದ್ದರೂ ಅವರು ನಡುವೆ ಲಾಳಿ ಕೆಳಗಿಟ್ಟದ್ದನ್ನು ನಾನು ಕಂಡದ್ದು ಆವತ್ತೊಂದೇ ದಿನ.

"ಈಗ ಅದಕ್ಕೆ ಏನು ಕಲಿಸಿದ್ರಿ ಗೊತ್ತೇನ್ರಿ? ಅತ್ರೆ ಬಾಗಿಲು ತೆಗೀತೈತೆ ಅಂತ ಕಲಿಸಿದ್ರಿ. ನನ್ನ ಮೂರು ದಿನ ನೀರಾಗೆ ಹೋತು."

"ಪಾಪ, ಅಷ್ಟು ಅಳ್ತಿತ್ತು ಮಾವ."

"ನಾನೂ ಅತ್ತಿದ್ದೆ. ಧರ್ಮಾವರದಾಗೆ ನಮ್ಮ ದೊಡ್ಡಪ್ಪ ಮಗ್ಗದ ಗುಂಡಿಗೆ ಇಳಿಸಿದಾಗ. ಅತ್ತಾಗೆಲ್ಲಾ ದೊಡ್ಡಮ್ಮ ಎತ್ಕೊಂಡು ಹೋಗಿ ಬೆಲ್ಲ ಕೊಡೋಳು. ಅದಕ್ಕೇ ಮಗ್ಗ ಕಲಿಯಾಕೆ ಎರಡು ವರ್ಷ ಹಿಡೀತು ನಂಗೆ. ಬೆಲ್ಲ ತಿನ್ನಾದು ಎರಡೇ ದಿನಕ್ಕೆ ಕಲ್ತೆ."

ಅತ್ತೆಗೂ ಬೈಗುಳ ಬಿದ್ದಿತ್ತು. ಅವರು ಪಡಸಾಲೆಯಲ್ಲಿ ರಾಟೆ ತಿರುಗಿಸಿ ಕಂಡಿಕೆ ಸುತ್ತುತ್ತಿದ್ದರು. ಲಾಳಿಯೊಳಗೆ ಕೂರುವ, ರೇಷ್ಮೆ ಸುತ್ತಿದ ಆ ಸಣ್ಣ ಕೊಳವೆಗಳಿಗೆ ಇಲ್ಲಿ ಕಂಡಿಕೆ ಎನ್ನುತ್ತಾರೆ. ಅಳು ಕೇಳಿ ಎದ್ದು ಹೋದ ಒಂದು ದಿನ, "ನೀನೂ ಗೂಡೊಳಗೆ ಕೂತ್ಕೋ ಹಂಗಾದ್ರೆ" ಎಂದು ಕೂಗಿದ್ದರು ಮಾವ. ಅತ್ತೆ ನಕ್ಕು ವಾಪಸು ಬಂದು ಕೂತರು. ಹೀಗೆ ಮರಿಗಿಂತ ಮೊದಲು ಪಾಠ ಕಲಿತವರು ನಾವಿಬ್ಬರು.

ಹನ್ನೆರಡನೆಯ ದಿನ ಆ ಭಾನುವಾರ. ಸೀರೆಯ ಮೈ ಮುಗಿಯುತ್ತ ಬಂದಿತ್ತು. ಬೆಳಿಗ್ಗೆ ಮಾವ ಮರಿಯನ್ನು ಗೂಡಿಗೆ ಬಿಟ್ಟು, "ಇವತ್ತು ಐದು ಸಾಲು. ಸುಮ್ಮನಿದ್ರೆ ಪಾಸು. ಸಂಜೆ ಹೆಸರಿಡಾನ" ಎಂದರು. ಅಲ್ಲಿಯವರೆಗೆ ಅದಕ್ಕೆ ಹೆಸರಿಡಲು ಅವರು ಬಿಟ್ಟಿರಲಿಲ್ಲ. ವಾಪಸು ಹೋಗುವುದಾದರೆ ಹೆಸರು ಯಾಕೆ ಎನ್ನುತ್ತಿದ್ದರು. ನಾನು ಬಟ್ಟೆ ಒಗೆಯಲು ಕೂತೆ. "ಒಂದು ಆತು" ಕೇಳಿತು. "ಎರಡು ಆತು" ಕೇಳಿತು. ಮರಿಯ ಸದ್ದಿಲ್ಲ. "ಮೂರು ಆತು" ಎಂದಾಗ ಅತ್ತೆ ನನ್ನ ಕಡೆ ನೋಡಿ ಹುಬ್ಬೇರಿಸಿದರು.

ಆಮೇಲೆ ಸ್ವಲ್ಪ ಹೊತ್ತು ಮಗ್ಗದ ಸದ್ದು ಇತ್ತು. ಆಮೇಲೆ ನಿಂತಿತು.

ಮರಿ ಒಮ್ಮೆ ಕುಂಯ್ ಎಂದಿತು. ಆಮೇಲೆ ಅಳತೊಡಗಿತು. ಉಗುರಿನಿಂದ ಬಿದಿರನ್ನು ಕೆರೆಯುವುದೂ ಕೇಳುತ್ತಿತ್ತು. ಆ ಅಳು ಬೇರೆ ಥರ ಇತ್ತು ಎಂದು ಈಗ ಅನಿಸುತ್ತದೆ. ಆಗ ಅನಿಸಿತ್ತೇ? ಇಲ್ಲವೆಂದೇ ಹೇಳಬೇಕು. "ಪಡುಕೋ ನಾನ್ನಾ" ಎನ್ನುವ ಮಾತು ಬರಲಿಲ್ಲ, ಅದನ್ನು ಗಮನಿಸಿದೆ. ಎದ್ದು ನಿಂತು ನೋಡಿದೆ. ಬೆನ್ನು ಬಾಗಿತ್ತು. ಎಳೆ ಕಿತ್ತಾಗ ಅವರು ಬಗ್ಗುವುದು ಹಾಗೆಯೇ, ಮಾತು ನಿಲ್ಲಿಸುವುದೂ ಆಗಲೇ. ನಾನು ಒಂದು ಹೆಜ್ಜೆ ಮುಂದಿಟ್ಟಾಗ ಅತ್ತೆ ರಾಟೆಯಿಂದ ಎಡಗೈ ಎತ್ತಿ ತಡೆದರು.

"ಹೋಗಬ್ಯಾಡ್ರಿ ಮೇಷ್ಟ್ರೇ, ಬೈತಾರೆ. ಎಳೆ ಕಿತ್ತಿರಬೇಕು."

ನಾನು ಅಂಗಿ ಹರವಿದೆ. ಇನ್ನೊಂದು ಅಂಗಿ ಹಿಂಡಿದೆ. ಅತ್ತೆ ರಾಟೆ ತಿರುಗಿಸಿದರು. ಮರಿ ಅಳುತ್ತಲೇ ಇತ್ತು. ಇನ್ನೆರಡು ಸಾಲು ತಡೆದಿದ್ದರೆ ಪಾಸಾಗುತ್ತಿತ್ತಲ್ಲ ಎಂದು ನನಗೆ ಬೇಜಾರಾಗಿತ್ತು. ನಾನು ಯೋಚಿಸುತ್ತಿದ್ದದ್ದು ಅಷ್ಟೇ.

ಕೊನೆಗೆ ಅಳು ನಿಂತಿತು. ನಿಂತಿತಲ್ಲ, ಇನ್ನು ಬಾಗಿಲು ತೆಗೆಯಬಹುದು ಎಂದು ನಾನು ಒಳಗೆ ಹೋದೆ.

ಮಾವನ ಹಣೆ ಸೀರೆಯ ಮೇಲಿತ್ತು, ಮುಖ ಪಕ್ಕಕ್ಕೆ ಹೊರಳಿತ್ತು. ನಾಲ್ಕನೆಯ ಸಾಲಿನ ಬುಟ್ಟಾಗಳು ಅರ್ಧಕ್ಕೆ ನಿಂತಿದ್ದವು. ಬಾಯಿಯ ಬಲಗಡೆ ಜೋತುಬಿದ್ದು, ಅಲ್ಲಿ ರೇಷ್ಮೆ ಒದ್ದೆಯಾಗಿತ್ತು. ಮರಿ ಗೂಡಿನ ಬಾಗಿಲಿಗೆ ಒತ್ತಿಕೊಂಡು ಬಿದಿರಿನ ಸಂದಿಯಿಂದ ಒಂದು ಕಾಲನ್ನು ಅವರ ಕಡೆ ಚಾಚಿ ಬಿದ್ದಿತ್ತು, ದಣಿದು. ಮಾವನ ಕಣ್ಣು ತೆರೆದಿತ್ತು. ಅವರು ನನ್ನನ್ನು ನೋಡುತ್ತಿದ್ದರು. ಮರಿ ಅಷ್ಟು ಹೊತ್ತು ಕೂಗಿದ್ದನ್ನು ಅವರು ಕೇಳಿರಬೇಕು. ಯಾರೂ ಬರುವುದಿಲ್ಲವೆಂದೂ ಅವರಿಗೆ ಗೊತ್ತಿದ್ದಿರಬೇಕು. ಬರಬಾರದು ಎಂದು ನಮಗೆ ಕಲಿಸಿದವರು ಅವರೇ.

ಗುಂಡಿಯಿಂದ ಅವರನ್ನು ಎತ್ತುವುದು ನನ್ನೊಬ್ಬನಿಂದ ಆಗಲಿಲ್ಲ. ಅತ್ತೆ ಗುಂಡಿಗೆ ಇಳಿದು ಕಾಲು ಹಿಡಿದರು. ಆಟೋದಲ್ಲಿ ಊರಿನ ಆಸ್ಪತ್ರೆಗೆ ಹೋದೆವು, ಅಲ್ಲಿಂದ ಆಂಬುಲೆನ್ಸಿನಲ್ಲಿ ಚಿತ್ರದುರ್ಗದ ಕಡೆಗೆ. ಅತ್ತೆ ತಲೆಯ ಬಳಿ ಕೂತರು, ನಾನು ಪಾದದ ಬಳಿ. ಅವರ ಎಡಗಾಲಿನ ಹೆಬ್ಬೆರಳು ಹಲಗೆ ತುಳಿದು ತುಳಿದು ಚಪ್ಪಟೆಯಾಗಿತ್ತು. ಅದು ದಾರಿಯಲ್ಲಿ ಮೆಲ್ಲಗೆ ಒತ್ತುವುದು, ಬಿಡುವುದು, ಒತ್ತುವುದು, ಬಿಡುವುದು ಮಾಡುತ್ತಿತ್ತು. ತಳಕು ದಾಟಿದ ಮೇಲೆ ನಿಂತಿತು. ನಾನು ಅದನ್ನು ಕೈಯಲ್ಲಿ ಹಿಡಿದೇ ಕೂತಿದ್ದೆ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳು ಕಾಣುವವರೆಗೆ ಅತ್ತೆಗೆ ಹೇಳಲಿಲ್ಲ.

ಊರಿನ ಆಸ್ಪತ್ರೆಯಲ್ಲಿ ಡಾಕ್ಟರು, "ಬಿದ್ದು ಎಷ್ಟು ಹೊತ್ತಾಯ್ತು?" ಎಂದು ಕೇಳಿದ್ದರು. "ಗೊತ್ತಿಲ್ಲ ಸರ್" ಎಂದಿದ್ದೆ. ತಿಥಿಯೆಲ್ಲ ಕಳೆದ ಮೇಲೆ ಅವರ ಬಳಿ ಹೋಗಿ, ಆ ಹೊತ್ತು ಹಾಳಾಗದಿದ್ದರೆ ಮಾವ ಬದುಕುತ್ತಿದ್ದರೇ ಎಂದು ಕೇಳಿದೆ. "ಹೇಳಕ್ಕಾಗಲ್ಲ ಮೇಷ್ಟ್ರೇ" ಎಂದರು. ಬದುಕುತ್ತಿರಲಿಲ್ಲ ಎಂದಿದ್ದರೆ ಒಂದು ಥರ, ಬದುಕುತ್ತಿದ್ದರು ಎಂದಿದ್ದರೆ ಇನ್ನೊಂದು ಥರ. ಅವರು ಅಂದದ್ದು ಅಷ್ಟೇ.

ಎಷ್ಟು ಹೊತ್ತು ಎಂಬುದು ಅತ್ತೆಗೆ ಗೊತ್ತಿತ್ತು. ಮರಿಯನ್ನು ಚಳ್ಳಕೆರೆಗೆ ಬಿಟ್ಟುಬರುತ್ತೇನೆ ಎಂದು ನಾನು ಹೇಳಿದ ದಿನ ಅವರು ಮಗ್ಗದ ಕೋಣೆಗೆ ಹೋಗಿ, ಗೋಡೆಯ ಗೂಡಿನಿಂದ ಎರಡು ಕಂಡಿಕೆ ತೆಗೆದು ಅಂಗೈಯಲ್ಲಿ ಹಿಡಿದು ತೋರಿಸಿದರು.

"ಸದ್ದು ನಿಂತ ಮೇಲೆ ಎರಡು ಸುತ್ತಿದೆ. ಎರಡೂ ತುಂಬಾ."

ಒಂದು ಕಂಡಿಕೆ ತುಂಬಲು ಸುಮಾರು ಹತ್ತು ನಿಮಿಷ ಹಿಡಿಯುವುದನ್ನು ನಾನು ದಿನಾ ನೋಡಿದ್ದೆ.

"ಮರೀನ ಎಲ್ಲಿಗೂ ಕಳಿಸಬ್ಯಾಡ್ರಿ. ಅದು ಪಾಸಾಗೈತೆ" ಎಂದರು.

ಅವರ ಅಳಿಯ ಬಂದು ಆ ಸೀರೆಯನ್ನು ಮುಗಿಸಿಕೊಟ್ಟ. ಆ ಎರಡು ಕಂಡಿಕೆಗಳನ್ನು ಮುಟ್ಟಲು ಅತ್ತೆ ಬಿಡಲಿಲ್ಲ. ಗೂಡು ಈಗಲೂ ಮಗ್ಗದ ಪಕ್ಕದಲ್ಲೇ ಇದೆ. ಬಾಗಿಲನ್ನು ನಾನು ಕಿತ್ತುಹಾಕಿದ್ದೇನೆ, ಆದರೂ ನಾಯಿ ಮಲಗುವುದು ಅದರೊಳಗೇ, ಮೈ ಹಿಡಿಸದಿದ್ದರೂ ಮುದುಡಿಕೊಂಡು. ಅದು ಎಲ್ಲಿ ಕುಂಯ್ ಎಂದರೂ ನಾನು ಕೈಯಲ್ಲಿದ್ದದ್ದನ್ನು ಬಿಟ್ಟು ಓಡುತ್ತೇನೆ. ಪಡಸಾಲೆಯಿಂದ ಅತ್ತೆ ಪ್ರತಿ ಸಲ, "ಬೆಕ್ಕು ಕಂಡಿರಬೇಕು ಕಣ್ರಿ ಮೇಷ್ಟ್ರೇ, ಬರೀ ಬೆಕ್ಕು" ಎನ್ನುತ್ತಾರೆ. ಅಂದರೂ, ಅಷ್ಟು ಹೊತ್ತಿಗೆ ಅವರೂ ಎದ್ದು ನಿಂತಿರುತ್ತಾರೆ.

ಆ ಬೆಳಿಗ್ಗೆ ಅಲ್ಲಿದ್ದು ಈಗಲೂ ಬದುಕಿರುವವರು ಮೂವರು. ಪಡಸಾಲೆಯಲ್ಲಿದ್ದ ಅತ್ತೆ. ತೊಟ್ಟಿಯ ಪಕ್ಕದಲ್ಲಿದ್ದ ನಾನು. ಗೂಡಿನೊಳಗಿದ್ದ, ಇನ್ನೂ ಹೆಸರಿಡದ ನಾಯಿ. ನಮ್ಮಲ್ಲಿ ಕೂಗಿದ್ದು ಅದೊಂದೇ.