ತಾಮ್ರದ ತಂತಿ ಮತ್ತು ಬೆಳಗಿನ ರೈಲು

ಹೋದ ತಿಂಗಳು ನಾನು ಕಳ್ಳರನ್ನು ಹಿಡಿದೆ.

ನಗಬೇಡಿ. ಮನೆಗೆ ಬೀಗ ಹಾಕಿ, ಎಳೆದು ನೋಡಿ, ಬೀದಿಯ ತಿರುವಿನಿಂದ ವಾಪಸು ಬಂದು ಮತ್ತೊಮ್ಮೆ ಎಳೆದು ನೋಡುವವರ ಪೈಕಿ ನಾನು ಎಂದು ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. ಅಂಥವನು ಕಳ್ಳರನ್ನು ಹಿಡಿದ ಎಂದರೆ ನನಗೇ ನಂಬಿಕೆ ಬರುವುದಿಲ್ಲ. ಆದರೂ ಹಿಡಿದದ್ದು ನಿಜ. ಅದೂ ಹಾಡಹಗಲಲ್ಲಿ, ಊರಿಗಾಂನಲ್ಲಿರುವ ನಮ್ಮ ಸಾಲುಮನೆಗಳ ಬೀದಿಯ ತುದಿಯಲ್ಲಿ. ನಾಲ್ಕೈದು ಜನ ಗುಂಡಿ ತೋಡಿ, ಒಳಗಿನಿಂದ ಕರಿ ಕೇಬಲ್ ಎಳೆದೆಳೆದು ಟೆಂಪೊಗೆ ತುಂಬುತ್ತಿದ್ದರು.

ಕೆಜಿಎಫ್‌ನಲ್ಲಿ ಇಂಥದ್ದನ್ನು ನೋಡಿಕೊಂಡು ಯಾರೂ ಸುಮ್ಮನೆ ಹೋಗುವುದಿಲ್ಲ. ಗಣಿ ಮುಚ್ಚಿದ ಮೇಲೆ ಇಲ್ಲಿ ಕಬ್ಬಿಣ, ತಾಮ್ರ ಎಂದು ಕಣ್ಣಿಗೆ ಬಿದ್ದದ್ದಕ್ಕೆಲ್ಲ ಕಾಲು ಬಂದಿದೆ. ಇವತ್ತು ಕಂಡ ಪೈಪು ನಾಳೆ ಅಲ್ಲಿರುತ್ತದೆ ಎಂಬ ಗ್ಯಾರಂಟಿ ಇಲ್ಲ. ಹಾಗಾಗಿ ನೆಲ ಅಗೆಯುವವರನ್ನು ಕಂಡರೆ ನಾವು ಮೊದಲು ಕೂಗುತ್ತೇವೆ, ಆಮೇಲೆ ಯಾರು ಎಂದು ಕೇಳುತ್ತೇವೆ.

ನಾನೂ ಕೂಗಿದೆ.

ಪಕ್ಕದ ಮನೆಯ ಗಂಗುಲಪ್ಪನವರು ಬನಿಯನ್ನಿನಲ್ಲೇ ಓಡಿಬಂದರು. ಗಣಿಯಲ್ಲಿ ದುಡಿದ ದೇಹ, ವಯಸ್ಸಾದರೂ ದನಿ ಇಳಿದಿಲ್ಲ. ಅವರ ಹಿಂದೆ ಇಡೀ ಬೀದಿ ಬಂತು. ಯಾರೋ ಟೆಂಪೊದ ಕೀ ಕಿತ್ತುಕೊಂಡರು. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬೈಗುಳ ಶುರುವಾಯಿತು (ಬೈಯುವಾಗ ನಾವು ಯಾವ ಭಾಷೆಗೂ ಅನ್ಯಾಯ ಮಾಡುವುದಿಲ್ಲ).

"ಯಾರ್ಲಾ ನೀವು? ಯಾವೂರ್ಲಾ?" ಗಂಗುಲಪ್ಪನವರು ವಿಚಾರಣೆಗೆ ಇಳಿದರು.

ಅವರಲ್ಲಿ ಸೂಪರ್‌ವೈಸರ್ ಥರ ಇದ್ದವನು ಕುತ್ತಿಗೆಯ ಐಡಿ ಕಾರ್ಡ್ ಎತ್ತಿ ಹಿಡಿದ. "ತಾತಾ, ನಾವು ಇಂಟರ್ನೆಟ್ ಕಂಪನಿ ಕಾಂಟ್ರಾಕ್ಟ್‌ನೋರು. ತಾಮ್ರದ್ದು ಎಲ್ಲಾ ಕ್ಲೋಸ್. ಇನ್ಮೇಲೆ ಬರೀ ಫೈಬರ್. ಈ ಬೀದೀಲಿ ಹಳೇ ಕನೆಕ್ಷನ್ ಉಳ್ಕೊಂಡಿದ್ದಿದ್ದು ಒಂದೇ ಮನೆ, ಈಗಷ್ಟೇ ಅದನ್ನೂ ಕಟ್ ಮಾಡಿದ್ವಿ." ಆಮೇಲೆ ನನ್ನ ಹೆಸರು ಹೇಳಿ, "ಆ ಸಾರ್ ಮನೆ ಯಾವ್ದು?" ಎಂದ.

ಬೀದಿಗೆ ಬೀದಿಯೇ ನನ್ನ ಕಡೆ ತಿರುಗಿತು.

"ನಿಂದೇ ವೈರಂತಲ್ಲಪ್ಪಾ," ಎಂದರು ಗಂಗುಲಪ್ಪನವರು. "ನಿನ್ ವೈರ್ ಕಿತ್ಕೊಂಡ್ ಓಗ್ತಾರೆ ಅಂತ ನಿಂಗೇ ತಿಳೀದಾ? ನಾನು ಬಿಸಿ ಮುದ್ದೆ ಬುಟ್ಟು ಬಂದಿವ್ನಿ."

"ತುಂಬಾ ದಿನದಿಂದ ಮೆಸೇಜ್ ಕಳಿಸ್ತಾನೇ ಇದೀವಿ ಸಾರ್," ಎಂದ ಸೂಪರ್‌ವೈಸರ್.

ಕಳಿಸಿದ್ದರು. ಡಿಲೀಟ್ ಮಾಡಿದ್ದೆ. 'ಕೂಡಲೇ ಅಪ್‌ಗ್ರೇಡ್ ಆಗಿ, ಇಲ್ಲದಿದ್ದರೆ ಸೇವೆ ನಿಲ್ಲುತ್ತದೆ, ಈ ಲಿಂಕ್ ಒತ್ತಿ' ಎಂದು ಬಂದರೆ ಬುದ್ಧಿ ಇರುವವರು ಯಾರಾದರೂ ಒತ್ತುತ್ತಾರೆಯೇ? ಒತ್ತಿದರೆ ಬ್ಯಾಂಕಿನಲ್ಲಿದ್ದದ್ದೆಲ್ಲ ಮಾಯ ಎಂದು ಇದೇ ಅಂಕಣದಲ್ಲಿ ನಿಮಗೆ ಉಪದೇಶ ಮಾಡಿದವನೂ ನಾನೇ. ಜೀವನವಿಡೀ ಬರದ ಆಪತ್ತುಗಳಿಗೆಲ್ಲ ಹೆದರಿದೆ. ನಿಜವಾದದ್ದು ಮುಂಚಿತವಾಗಿ ತಿಳಿಸಿ ಬಂದಾಗ ಬ್ಲಾಕ್ ಮಾಡಿದೆ.

ಅಷ್ಟರಲ್ಲಿ ಗಿರಿಜಾ ಹೆಡ್‌ಫೋನ್ ಕೊರಳಿಗೆ ಹಾಕಿಕೊಂಡೇ ಬಾಗಿಲಿಗೆ ಬಂದಳು. "ರೀ, ನೆಟ್ ಹೋಯ್ತು. ಪೇಷೆಂಟ್ ಇನ್ನೂ ಮಾತಾಡ್ತಾ ಇದ್ರು."

ಗಿರಿಜಾ ನನ್ನ ಹೆಂಡತಿ. ಬೆಂಗಳೂರಿನ ಒಂದು ಆಸ್ಪತ್ರೆಗೆ ಫೋನ್ ಮಾಡುವವರಿಗೆ ಯಾವ ಡಾಕ್ಟರ್ ಯಾವಾಗ ಸಿಗುತ್ತಾರೆ ಎಂದು ಹೇಳಿ, ಕಂಪ್ಯೂಟರಿನಲ್ಲಿ ಅಪಾಯಿಂಟ್‌ಮೆಂಟ್ ಮಾಡಿಕೊಡುವುದು ಅವಳ ಕೆಲಸ. ಮೊದಲು ದಿನಾ ರೈಲಿನಲ್ಲಿ ಹೋಗಿಬರುತ್ತಿದ್ದಳು. ಈ ಕಡೆಯವರಿಗೆ ಆ ರೈಲಿನ ಬಗ್ಗೆ ಹೇಳಬೇಕಾಗಿಲ್ಲ. ಬೇರೆ ಕಡೆಯವರು ಇಷ್ಟು ತಿಳಿದರೆ ಸಾಕು: ಬಂಗಾರಪೇಟೆ ದಾಟಿದ ಮೇಲೆ ಅದರಲ್ಲಿ ಕೈ ಎತ್ತಿದರೆ ಇಳಿಸಲು ಜಾಗ ಸಿಗುವುದಿಲ್ಲ. ನಿಂತು ನಿಂತು ಸೊಂಟ ಹಿಡಿದುಕೊಂಡ ಮೇಲೆ ಆಫೀಸಿನವರು ಮನೆಯಿಂದಲೇ ಮಾಡಿ ಎಂದರು. ಕಂಡೀಷನ್ ಒಂದೇ. ಮನೆಯಲ್ಲಿ ನಿಲ್ಲದ ಇಂಟರ್ನೆಟ್ ಇರಬೇಕು. ನಮ್ಮ ತಾಮ್ರದ ತಂತಿ ನಿಧಾನವಾಗಿತ್ತು, ಆದರೆ ನಿಲ್ಲುತ್ತಿರಲಿಲ್ಲ.

ಈಗ ತಂತಿ ಟೆಂಪೊದಲ್ಲಿತ್ತು. ಅಂದರೆ ಗಿರಿಜಾ ಮತ್ತೆ ರೈಲಿನಲ್ಲಿ.

"ಸರಿ, ಫೈಬರ್ ಹಾಕಿ. ಇವತ್ತೇ ಹಾಕಿ," ಎಂದೆ.

"ಫೈಬರ್ ಮೇನ್ ರೋಡ್‌ವರ್ಗೂ ಬಂದೈತೆ ಸಾರ್. ಒಳಗೆ ತರ್ಬೇಕಂದ್ರೆ ಕಂಬ ನೆಡ್ಬೇಕು. ಒಂದು ಮನೆಗೋಸ್ಕರ ಕಂಬ ನೆಡಲ್ಲ. ಇನ್ನೊಂದಷ್ಟು ಮನೆ ಹೇಳ್ಸಿ."

ನನಗೆ ಬೇಕಿದ್ದದ್ದು ದಾರಿ ತಪ್ಪದೆ ನಡೆಯುವ ಎತ್ತು. ಇವರು ಅದನ್ನು ಕೊಟ್ಟಿಗೆಯಿಂದ ಬಿಚ್ಚಿಕೊಂಡು ಹೋಗಿ, ರೇಸ್ ಕುದುರೆ ಮೇನ್ ರೋಡಿನಲ್ಲಿ ನಿಂತಿದೆ, ಬಂದು ನೋಡಿ ಎನ್ನುತ್ತಿದ್ದರು. ಹೊಸದು ಬರುವವರೆಗೆ ಹಳೆಯದು ಇರಲಿ ಎನ್ನಲು ಯಾವ ಟೆಕ್ನಾಲಜಿ ಬೇಕು ಹೇಳಿ?

ಮೊಬೈಲ್ ಹಾಟ್‌ಸ್ಪಾಟ್ ಹಾಕಿ ನೋಡಿದೆವು. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮಾತ್ರ. ಗಿರಿಜಾ ಅಲ್ಲೇ ಕೂತಳು. ಹಲ್ಲು ನೋವಿನವರೊಬ್ಬರ ಮಾತು ಅರ್ಧಕ್ಕೆ ಕಟ್ಟಾಗಿ, ಅವರಿಗೆ ಹೃದಯದ ಡಾಕ್ಟರ್ ಅಪಾಯಿಂಟ್‌ಮೆಂಟ್ ಹೋಯಿತು. ಲೈನ್ ಸರಿಯಾಗುವವರೆಗೆ ಇಲ್ಲಿಗೇ ಬನ್ನಿ ಎಂದರು ಆಫೀಸಿನವರು.

ಮೊದಲ ದಿನ ನಸುಕಿನಲ್ಲಿ ಊರಿಗಾಂ ಸ್ಟೇಷನ್ನಿಗೆ ಬಿಡಲು ಹೋದೆ. ನನ್ನ ಎದೆಬಡಿತ ರೈಲಿಗಿಂತ ಮೊದಲೇ ಪ್ಲಾಟ್‌ಫಾರ್ಮಿಗೆ ಬಂದಿತ್ತು. ಸೀಟು ಸಿಗುತ್ತದೋ ಇಲ್ಲವೋ? ಸೊಂಟ ತಡೆಯುತ್ತದೋ ಇಲ್ಲವೋ? ಬೆಲ್ಟ್ ಹಾಕಿಕೊಂಡಿದ್ದಾಳೋ ಇಲ್ಲವೋ? ರೈಲು ನಿಂತದ್ದೇ ಲೇಡೀಸ್ ಬೋಗಿಯ ಕಿಟಕಿಯಿಂದ ಒಂದು ಕೈ ಹೊರಬಂತು.

"ಗಿರಿಜಕ್ಕಾ, ಇಂಗೆ ವಾ, ಇಲ್ಲಿ ಬಾ, ಬ್ಯಾಗ್ ಕೊಡು."

ಮಾರಿಕುಪ್ಪಂನಲ್ಲಿ ಹತ್ತುವ ಸೆಲ್ವಿ. ಗಿರಿಜಾಳ ಹಳೆಯ ರೈಲುಗೆಳತಿ. ರೈಲು ಹೊರಡುವುದೇ ಅಲ್ಲಿಂದ, ಹಾಗಾಗಿ ಮೊದಲು ಹತ್ತಿದವರು ಮುಂದಿನ ಸ್ಟೇಷನ್ನಿನವರಿಗೆ ದುಪ್ಪಟ್ಟಾ ಹಾಸಿ ಜಾಗ ಹಿಡಿಯುವುದು ಈ ಬೋಗಿಯ ಹೊಸ ಕಾನೂನು, ಗಿರಿಜಾ ನಿಂತು ಹೋಗುತ್ತಿದ್ದ ಕಾಲದಲ್ಲಿ ಇರಲಿಲ್ಲ. ಮೂರು ಜನರ ಸೀಟಿನಲ್ಲಿ ನಾಲ್ಕನೆಯವಳಾಗಿ ಗಿರಿಜಾ ಕೂತಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ನಾನು ಮನೆಮನೆ ಹತ್ತಿ ಇಳಿಯತೊಡಗಿದೆ. ಫೈಬರ್ ತಗೊಳ್ಳಿ, ಕಂಬ ಬರಲಿ ಎಂದು ಬೇಡಿದೆ. ಯಾರಿಗೂ ಬೇಡ. "ನಂಗ್ಯಾಕಪ್ಪಾ ಅದೆಲ್ಲಾ? ನಮ್ಗೂ ಕಲ್ಲ ಮೇಲೆ ಕುಂತ್ರೆ ಫೋನ್ ಬತ್ತೈತೆ," ಎಂದರು ಗಂಗುಲಪ್ಪನವರು. ಒಳಗಿನಿಂದ ಅವರ ಹೆಂಡತಿ ಕೇಳಿದರು: "ಸೀರಿಯಲ್ ಮದ್ಯದಾಗೆ ನಿಲ್ದಂಗೆ ಬತ್ತದಾ?"

"ಒಂದು ಸೆಕೆಂಡೂ ನಿಲ್ಲಲ್ಲಮ್ಮಾ."

"ಅಂಗಾದ್ರೆ ನಮ್ ಹೆಸ್ರೂ ಬರ್ಕೊ. ಈಯಪ್ಪನ್ನ ಏನ್ ಕೇಳ್ತೀಯ?"

ಆ ಒಂದು ಮಾತು ಸಂಜೆಯೊಳಗೆ ಬೀದಿಯ ಹೆಂಗಸರ ಬಾಯಲ್ಲಿತ್ತು. ನಾನು ವಾರಗಟ್ಟಲೆ ಮಾಡಲಾಗದ ಪ್ರಚಾರವನ್ನು ಅವರು ಕೊಳಾಯಿಯ ಹತ್ತಿರ ನೀರು ಹಿಡಿಯುತ್ತಲೇ ಮುಗಿಸಿದರು. ಕಂಬ ಬಂತು. ಫೈಬರೂ ಬಂತು.

ಈ ನಡುವೆ ಮನೆಯಲ್ಲಿ ಇನ್ನೊಂದು ವಿಷಯ ನಡೆಯುತ್ತಿತ್ತು, ಅದರ ಅರ್ಥ ನನಗೆ ಹೊಳೆದಿರಲಿಲ್ಲ. ಅವರೆಕಾಯಿ ಕಾಲ. ಬೆಳಿಗ್ಗೆ ಗಿರಿಜಾ ನೆನೆಸಿದ ಅವರೆಕಾಳನ್ನು ಡಬ್ಬಿಗೆ ಹಾಕಿಕೊಂಡು ಹೋಗುತ್ತಿದ್ದಳು. ಸಂಜೆ ಡಬ್ಬಿಯ ತುಂಬ ಹಿತಕಿದ ಬೇಳೆ ತರುತ್ತಿದ್ದಳು. ಒಂದೊಂದೇ ಕಾಳು ಹಿಸುಕಿ ಸಿಪ್ಪೆ ಬಿಡಿಸುವ ಆ ರಗಳೆಗೆ ಹೆದರಿಯೇ ನಮ್ಮ ಮನೆಯಲ್ಲಿ ಆ ಬೇಳೆಯ ಸಾರು ನಿಂತುಹೋಗಿತ್ತು. ಈಗ ಇಡೀ ಬೋಗಿಯ ಕೈಗಳು ಸೇರಿ ಬಿಡಿಸುತ್ತಿದ್ದವು. ನಾನು ಮುದ್ದೆ ಮುರಿದು ಸಾರಿಗೆ ಅದ್ದುತ್ತ, ಪಾಪ, ಎಷ್ಟು ಕಷ್ಟಪಡುತ್ತಿದ್ದಾಳೆ ಎಂದು ಮರುಗುತ್ತಿದ್ದೆ.

ಫೈಬರ್ ಬಂದ ದಿನ ಗೆದ್ದವನ ಥರ ಬಾಗಿಲಲ್ಲೇ ಕಾದಿದ್ದೆ. "ಗಿರಿಜಾ, ಸೋಮವಾರದಿಂದ ಮನೆಯಲ್ಲೇ. ಸ್ಪೀಡ್ ನೋಡು ಬಾ."

ನೋಡಿದಳು. "ಚೆನ್ನಾಗಿದೆ," ಎಂದಳು. ಚಪ್ಪಲಿ ಬಿಟ್ಟು, ಡಬ್ಬಿ ಇಟ್ಟು, ಸಾವಕಾಶವಾಗಿ ಕೂತಳು. "ಆಫೀಸಲ್ಲಿ ಮಾತಾಡಿದೀನಿ ರೀ. ವಾರದಲ್ಲಿ ಮೂರು ದಿನ ಅಲ್ಲಿಗೇ ಬರ್ತೀನಿ ಅಂದೆ. ಒಪ್ಕೊಂಡ್ರು."

"ಯಾಕೆ? ಸೊಂಟ?"

"ಕೂತ್ಕೊಂಡೇ ಹೋಗ್ತೀನಲ್ಲ."

"ಮತ್ತೆ ಇಷ್ಟೆಲ್ಲ ನಾನು ಒದ್ದಾಡಿದ್ದು?"

"ಉಳಿದ ದಿನಕ್ಕೆ ಬೇಕಲ್ಲ ರೀ." ಅವಳು ನಗುತ್ತಿದ್ದಾಳೋ ಇಲ್ಲವೋ ಗೊತ್ತಾಗಲಿಲ್ಲ. "ಬೇಜಾರು ಮಾಡ್ಕೋಬೇಡಿ. ಟ್ರೇನಲ್ಲಿ ಯಾರೂ ಗಳಿಗೆಗೊಂದು ಸಲ ನನ್ನ ಹಿಂದೆ ಬಂದು ನಿಂತ್ಕೊಂಡು, ನೆಟ್ ಬರ್ತಿದ್ಯಾ, ಬೆನ್ನು ನೆಟ್ಟಗಿದ್ಯಾ, ಆ ಪೇಷೆಂಟ್ ಯಾಕೆ ಕೂಗಾಡ್ತಿದ್ದ, ಕೆಲಸಕ್ಕೇನೂ ತೊಂದರೆ ಇಲ್ವಲ್ಲ ಅಂತ ಕೇಳಲ್ಲ. ಅಲ್ಲಿ ಕೂತ್ರೆ ಒಂಥರಾ ನಿದ್ದೆ ಮಾಡಿದಷ್ಟು ಹಾಯಾಗಿರುತ್ತೆ."

ತಂತಿ ಕಿತ್ತರೆ ಬೈಯಲು ಒಂದು ಕಂಪನಿ ಇತ್ತು, ಕೀ ಕಿತ್ತುಕೊಳ್ಳಲು ಒಂದು ಟೆಂಪೊ ಇತ್ತು. ಗಂಡನ ಜೊತೆ ಮನೆಯಲ್ಲಿರುವುದಕ್ಕಿಂತ ಆ ರೈಲಿನ ನೂಕುನುಗ್ಗಲೇ ಆರಾಮ ಎಂದು ಹೆಂಡತಿ ಹೇಳಿದರೆ, ದೂರು ಕೊಡುವುದು ಯಾರ ಮೇಲೆ?